ಸಲಿಂಗಿಗಳನ್ನು ಸ್ವಾಗತಿಸಿದ ಧರ್ಮಕೇಂದ್ರ: ಸ್ಯಾನ್ ಫ್ರಾನ್ಸಿಸ್ಕೊದ ಮೋಸ್ಟ್ ಹೋಲಿ ರಿಡೀಮರ್ ಇಗರ್ಜಿ

“ಫಾದರ್, ನಮ್ಮ ಮಗ ಸಲಿಂಗಿಯಂತೆ. ಅವನು ಇನ್ನು ಇಗರ್ಜಿಗೆ ಬರಬಹುದೇ?” ತಂದೆತಾಯಂದಿರು ಇಂತಹ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವುದಿಲ್ಲ. ಪೂಜೆ ಮುಗಿದು ಜನ ಚದುರಿದ ಮೇಲೆ, ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಬರಬಹುದು ಎಂಬುದು ಉತ್ತರ. ಆದರೆ ಅಷ್ಟು ಹೇಳಿದರೆ ಸಾಲದು. ಬಂದವರು ಎಲ್ಲಿ ಕುಳಿತುಕೊಳ್ಳಬೇಕು, ಪಕ್ಕದವರು ಅವರನ್ನು ಹೇಗೆ ನೋಡುತ್ತಾರೆ, ಕಾಯಿಲೆ ಬಿದ್ದರೆ ಯಾರು ವಿಚಾರಿಸುತ್ತಾರೆ ಎಂಬುದರಲ್ಲಿ ಸ್ವಾಗತದ ನಿಜವಾದ ಅರ್ಥವಿದೆ. ಈ ಪ್ರಶ್ನೆಯನ್ನು ನಾಲ್ಕು ದಶಕಗಳ ಹಿಂದೆಯೇ ಎದುರಿಸಿದ ಒಂದು ಕಥೋಲಿಕ ಧರ್ಮಕೇಂದ್ರದ ಪರಿಚಯವನ್ನು, ಜೊತೆಗೆ ಧರ್ಮಸಭೆಯ ಬೋಧನೆಯ ಸಾರವನ್ನು, ಓದುಗರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಯುರೇಕಾ ವ್ಯಾಲಿ ಎಂಬ ಪ್ರದೇಶವಿದೆ. ಈಗ ಅದನ್ನು ಹೆಚ್ಚಾಗಿ ಕ್ಯಾಸ್ಟ್ರೊ ಎಂದೇ ಕರೆಯುತ್ತಾರೆ. 1900ರಲ್ಲಿ ಇಲ್ಲಿ ಮೋಸ್ಟ್ ಹೋಲಿ ರಿಡೀಮರ್, ಅಂದರೆ ಪರಮ ಪವಿತ್ರ ವಿಮೋಚಕರ ಧರ್ಮಕೇಂದ್ರ ಸ್ಥಾಪನೆಯಾಯಿತು. ಐರಿಷ್ ಮೂಲದ ದುಡಿಯುವ ವರ್ಗದ ಕುಟುಂಬಗಳೇ ಅದರ ಆಧಾರ.

1960 ಮತ್ತು 1970ರ ದಶಕಗಳಲ್ಲಿ ಈ ಕುಟುಂಬಗಳು ಒಂದೊಂದಾಗಿ ನಗರದ ಹೊರವಲಯಕ್ಕೆ ಹೋದವು. ಖಾಲಿಯಾದ ಮನೆಗಳಿಗೆ ದೇಶದ ಮೂಲೆಮೂಲೆಗಳಿಂದ ಸಲಿಂಗಿ ಯುವಕರು ಬಂದು ನೆಲೆಸಿದರು. ಅವರಲ್ಲಿ ಅನೇಕರಿಗೆ ತಮ್ಮ ಊರಿನಲ್ಲಿ ಬಾಳುವ ಅವಕಾಶವಿರಲಿಲ್ಲ. ಕ್ಯಾಸ್ಟ್ರೊದಲ್ಲಿ ಅಂಗಡಿ ನಡೆಸುತ್ತಿದ್ದ ಹಾರ್ವಿ ಮಿಲ್ಕ್ 1977ರಲ್ಲಿ ನಗರಾಡಳಿತಕ್ಕೆ ಚುನಾಯಿತರಾದರು. 1978ರ ನವೆಂಬರ್ 27ರಂದು ಅವರ ಹತ್ಯೆಯಾಯಿತು.

ಇತ್ತ ಇಗರ್ಜಿಯಲ್ಲಿ ಉಳಿದವರು ಹೆಚ್ಚಾಗಿ ವೃದ್ಧರು, ಅವರಲ್ಲೂ ವಿಧವೆಯರು. ಹೊಸದಾಗಿ ಬಂದವರಲ್ಲಿ ಬಹಳ ಮಂದಿ ಹುಟ್ಟು ಕಥೋಲಿಕರೇ ಆಗಿದ್ದರೂ ಇಗರ್ಜಿಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ಬಾಗಿಲು ತೆರೆದ ಬಗೆ

1982ರಲ್ಲಿ ವಂ. ಆಂಟನಿ ಮೆಕ್‌ಗ್ವಾಯರ್ ಇಲ್ಲಿಯ ವಿಚಾರಣಾ ಗುರುಗಳಾಗಿ ಬಂದರು. ತಮ್ಮ ಧರ್ಮಕೇಂದ್ರದ ಗಡಿಯೊಳಗೆ ವಾಸಿಸುವ ಎಲ್ಲರೂ ತಮ್ಮ ಹೊಣೆ ಎಂಬ ಹಳೆಯ ಪಾಲನಾ ತತ್ವವನ್ನೇ ಅವರು ಹಿಡಿದರು. ಸಲಿಂಗಿಗಳನ್ನು ತಲುಪುವುದಕ್ಕಾಗಿ ಒಂದು ಸಮಿತಿ ರಚನೆಯಾಯಿತು. ಜನರು ಮರಳಿ ಬರತೊಡಗಿದರು. ಹಾಡುವವರು, ವಾಚನ ಓದುವವರು, ಸಭಾಂಗಣ ಗುಡಿಸುವವರು ಸಿಕ್ಕಿದರು.

ಅಜ್ಜಿಯರು ಮತ್ತು ಈ ಯುವಕರು ಒಂದೇ ಬೆಂಚಿನಲ್ಲಿ ಕುಳಿತದ್ದು ಈ ಧರ್ಮಕೇಂದ್ರದ ವಿಶೇಷ. ಮಕ್ಕಳು ದೂರ ಹೋದ ತಾಯಂದಿರು ಒಂದು ಕಡೆ, ತಾಯಿಯ ಮನೆಯಿಂದ ದೂರವಾದ ಮಕ್ಕಳು ಇನ್ನೊಂದು ಕಡೆ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು. ಇದೇ ಕಾರಣಕ್ಕೆ ‘ಗೇಸ್ ಆ್ಯಂಡ್ ಗ್ರೇಸ್’, ಅಂದರೆ ಸಲಿಂಗಿಗಳು ಮತ್ತು ನರೆಗೂದಲಿನವರು, ಎಂಬ ಮಾತು ಈ ಇಗರ್ಜಿಗೆ ಅಂಟಿಕೊಂಡಿತು. ಯೇಸುಸಭೆಯ ವಂ. ಡೋನಲ್ ಗಾಡ್‌ಫ್ರಿ 2007ರಲ್ಲಿ ಪ್ರಕಟಿಸಿದ ಈ ಧರ್ಮಕೇಂದ್ರದ ಚರಿತ್ರೆಗೂ ಅದೇ ಹೆಸರು.

ಏಡ್ಸ್ ಬಂದಾಗ

1981ರ ಜೂನ್‌ನಲ್ಲಿ ಅಮೆರಿಕದ ಆರೋಗ್ಯ ಇಲಾಖೆ ಏಡ್ಸ್‌ನ ಮೊದಲ ಪ್ರಕರಣಗಳನ್ನು ವರದಿ ಮಾಡಿತು. ಕೆಲವೇ ವರ್ಷಗಳಲ್ಲಿ ಕ್ಯಾಸ್ಟ್ರೊ ಸಾವಿನ ಮನೆಯಾಯಿತು. ಆಗ ಔಷಧವಿರಲಿಲ್ಲ. ರೋಗಿಯನ್ನು ಮುಟ್ಟಲು ಜನ ಹೆದರುತ್ತಿದ್ದರು. ಸ್ವಂತ ಕುಟುಂಬದವರೇ ಕೈಬಿಟ್ಟ ಉದಾಹರಣೆಗಳು ಬಹಳ.

ಈ ಸಂದರ್ಭದಲ್ಲಿ, 1985ರಲ್ಲಿ, ಧರ್ಮಕೇಂದ್ರವು ಏಡ್ಸ್ ನೆರವು ತಂಡವನ್ನು ಆರಂಭಿಸಿತು. ತರಬೇತಿ ಪಡೆದ ಸ್ವಯಂಸೇವಕರು ರೋಗಿಗಳಿಗೆ ಅಡುಗೆ ಮಾಡಿಕೊಟ್ಟರು, ಆಸ್ಪತ್ರೆಗೆ ಕರೆದೊಯ್ದರು, ರಾತ್ರಿ ಹಾಸಿಗೆಯ ಬಳಿ ಕುಳಿತರು. 1987ರಲ್ಲಿ ಇಗರ್ಜಿಯ ಹಳೆಯ ಕನ್ಯಾಮಠದ ಕಟ್ಟಡದಲ್ಲಿ ‘ಕಮಿಂಗ್ ಹೋಮ್’ ಎಂಬ, 15 ಹಾಸಿಗೆಗಳ ಅಂತ್ಯಕಾಲದ ಆರೈಕೆ ಕೇಂದ್ರ ಪ್ರಾರಂಭವಾಯಿತು. ಏಡ್ಸ್ ರೋಗಿಗಳಿಗಾಗಿ ಅಮೆರಿಕದಲ್ಲಿ ತೆರೆದ ಇಂತಹ ಮೊದಮೊದಲ ವಸತಿ ಕೇಂದ್ರಗಳಲ್ಲಿ ಇದೂ ಒಂದು. ‘ಮನೆಗೆ ಬರುವುದು’ ಎಂಬ ಆ ಹೆಸರಿಗೆ ವಿವರಣೆ ಬೇಕಿಲ್ಲ.

ಅದೇ ವರ್ಷ ಸೆಪ್ಟೆಂಬರ್ 17ರಂದು ಜಗದ್ಗುರು ಎರಡನೇ ಜಾನ್ ಪೌಲರು ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಡೊಲೊರೆಸ್ ಬಸಿಲಿಕದಲ್ಲಿ ಏಡ್ಸ್ ಪೀಡಿತರನ್ನು ಭೇಟಿಯಾಗಿ, ಸೋಂಕಿತ ಪುಟ್ಟ ಬಾಲಕನೊಬ್ಬನನ್ನು ಅಪ್ಪಿಕೊಂಡರು. ಭಾರತದ ಕಥೋಲಿಕ ಧರ್ಮಸಭೆಯೂ 2005ರಲ್ಲಿ ತನ್ನದೇ ಎಚ್‌ಐವಿ/ಏಡ್ಸ್ ನೀತಿಯನ್ನು ಪ್ರಕಟಿಸಿತು.

ಧರ್ಮಸಭೆಯ ಬೋಧನೆ ಏನು?

ಸ್ವಾಗತ ಎಂದಾಕ್ಷಣ ಬೋಧನೆ ಬದಲಾಯಿತೆಂದು ತಿಳಿಯಬಾರದು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2357ರಿಂದ 2359ರವರೆಗಿನ ಪರಿಚ್ಛೇದಗಳು ಈ ವಿಷಯವನ್ನು ಹೇಳುತ್ತವೆ. ಅವುಗಳ ಸಾರ ಹೀಗಿದೆ:

• ಸಲಿಂಗ ಲೈಂಗಿಕ ಕ್ರಿಯೆಗಳನ್ನು ಧರ್ಮಸಭೆ ಒಪ್ಪುವುದಿಲ್ಲ.
• ಸಲಿಂಗ ಪ್ರವೃತ್ತಿಯುಳ್ಳವರನ್ನು ಗೌರವ, ಅನುಕಂಪ, ಸೂಕ್ಷ್ಮತೆಯಿಂದ ಸ್ವೀಕರಿಸಬೇಕು. ಅವರ ವಿರುದ್ಧ ಅನ್ಯಾಯದ ತಾರತಮ್ಯದ ಸುಳಿವೂ ಇರಬಾರದು.
• ಅವರಿಗೂ ಪರಿಶುದ್ಧತೆಯ ಬದುಕಿನ ಕರೆಯಿದೆ. ಪ್ರಾರ್ಥನೆ, ಸಂಸ್ಕಾರಗಳ ಕೃಪೆ ಮತ್ತು ನಿಸ್ವಾರ್ಥ ಗೆಳೆತನದ ಬೆಂಬಲದಿಂದ ಅವರು ಕ್ರೈಸ್ತ ಪರಿಪೂರ್ಣತೆಯತ್ತ ಸಾಗಬಲ್ಲರು.

1986ರಲ್ಲಿ ವ್ಯಾಟಿಕನ್ ಧರ್ಮಾಧ್ಯಕ್ಷರಿಗೆ ಬರೆದ ಪತ್ರ ಈ ಬೋಧನೆಯನ್ನು ಬಿಗಿಯಾಗಿ ಹೇಳಿತು. ಬೋಧನೆಯನ್ನು ವಿರೋಧಿಸುವ ಸಂಘಟನೆಗಳಿಗೆ ಬೆಂಬಲ ಕೊಡಬಾರದೆಂದಿತು. ಅದೇ ಪತ್ರ ಸಲಿಂಗಿಗಳ ಮೇಲಿನ ಮಾತಿನ ಹಾಗೂ ಕೈಯ ಹಿಂಸೆಯನ್ನು ಖಂಡಿಸಿತು ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ಜಗದ್ಗುರು ಫ್ರಾನ್ಸಿಸರು 2023ರ ಜನವರಿಯಲ್ಲಿ, ಸಲಿಂಗಿಯಾಗಿರುವುದು ಅಪರಾಧವಲ್ಲ, ಅದನ್ನು ಅಪರಾಧವೆನ್ನುವ ಕಾನೂನುಗಳು ಅನ್ಯಾಯದವು ಎಂದರು. ಅದೇ ವರ್ಷ ಡಿಸೆಂಬರ್ 18ರ ‘ಫಿದೂಚಿಯಾ ಸುಪ್ಲಿಕಾನ್ಸ್’ ಘೋಷಣೆ, ಸಲಿಂಗ ಜೋಡಿಗಳು ಕೇಳಿಕೊಂಡಾಗ ಪೂಜಾವಿಧಿಯ ಹೊರಗೆ ಸರಳ ಆಶೀರ್ವಾದ ನೀಡಲು ಅವಕಾಶ ಕೊಟ್ಟಿತು. ವಿವಾಹವು ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀಯ ನಡುವಿನ ಬಂಧ ಎಂಬುದನ್ನು ಅದು ಬದಲಿಸಲಿಲ್ಲ. ಆಫ್ರಿಕದ ಧರ್ಮಾಧ್ಯಕ್ಷರು 2024ರ ಜನವರಿಯಲ್ಲಿ ಇಂತಹ ಆಶೀರ್ವಾದ ತಮ್ಮಲ್ಲಿ ಸೂಕ್ತವಲ್ಲವೆಂದರು. 2025ರಲ್ಲಿ ಆಯ್ಕೆಯಾದ ಜಗದ್ಗುರು 14ನೇ ಲಿಯೋ, ಎಲ್ಲರಿಗೂ ಸ್ವಾಗತವಿದೆ, ಆದರೆ ಬೋಧನೆ ಸದ್ಯಕ್ಕೆ ಬದಲಾಗುವ ಸಾಧ್ಯತೆ ತೀರಾ ಕಡಿಮೆ ಎಂದು ಸಂದರ್ಶನವೊಂದರಲ್ಲಿ ತಿಳಿಸಿದರು.

ಇತರ ಕ್ರೈಸ್ತ ಸಭೆಗಳಲ್ಲಿ ಕೆಲವು ಬೇರೆ ದಾರಿ ಹಿಡಿದಿವೆ. 1968ರಲ್ಲಿ ಟ್ರಾಯ್ ಪೆರಿ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಮೆಟ್ರೋಪಾಲಿಟನ್ ಕಮ್ಯೂನಿಟಿ ಚರ್ಚನ್ನು ಆರಂಭಿಸಿದ್ದು ಸಲಿಂಗಿಗಳಿಗಾಗಿಯೇ. ಅಮೆರಿಕದ ಎಪಿಸ್ಕೋಪಲ್ ಸಭೆ 2003ರಲ್ಲಿ ಬಹಿರಂಗವಾಗಿ ಸಲಿಂಗಿಯಾಗಿದ್ದ ಜೀನ್ ರಾಬಿನ್ಸನ್ ಅವರನ್ನು ಬಿಷಪರನ್ನಾಗಿ ಅಭಿಷೇಕಿಸಿತು. ಕಥೋಲಿಕ ಧರ್ಮಕೇಂದ್ರದ ದಾರಿ ಇದಕ್ಕಿಂತ ಇಕ್ಕಟ್ಟಿನದು: ಬೋಧನೆಯನ್ನೂ ಬಿಡುವಂತಿಲ್ಲ, ಮನುಷ್ಯನನ್ನೂ ಬಿಡುವಂತಿಲ್ಲ.

ಕಷ್ಟಗಳೂ ಇದ್ದವು

ಈ ಇಕ್ಕಟ್ಟು ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಕಾಣಿಸಿತು. 2007ರ ಅಕ್ಟೋಬರ್‌ನಲ್ಲಿ ಮಹಾಧರ್ಮಾಧ್ಯಕ್ಷ ಜಾರ್ಜ್ ನೀಡರಾವರ್ ಈ ಇಗರ್ಜಿಯಲ್ಲಿ ಬಲಿಪೂಜೆ ಅರ್ಪಿಸಿದಾಗ, ಧರ್ಮಭಗಿನಿಯರನ್ನು ಅಣಕಿಸುವ ವೇಷ ಧರಿಸಿದ್ದ ಇಬ್ಬರು ಅವರಿಂದ ಪರಮಪ್ರಸಾದ ಸ್ವೀಕರಿಸಿದರು. ದೇಶದಾದ್ಯಂತ ಗದ್ದಲವೆದ್ದಿತು. ಮಹಾಧರ್ಮಾಧ್ಯಕ್ಷರು ಬಳಿಕ ಕ್ಷಮೆ ಕೇಳಿದರು. ಆ ಘಟನೆಯನ್ನು ನೆನಪಿಟ್ಟವರು ಬಹಳ ಮಂದಿ. ಅದೇ ಇಗರ್ಜಿಯವರು ರೋಗಿಗಳ ಹಾಸಿಗೆಯ ಬಳಿ ಕಳೆದ ರಾತ್ರಿಗಳನ್ನು ನೆನಪಿಟ್ಟವರು ಕಡಿಮೆ. ಎರಡೂ ಆ ಧರ್ಮಕೇಂದ್ರದ ಚರಿತ್ರೆಯೇ.

ನಮ್ಮ ದೇಶದಲ್ಲಿ

ಭಾರತದಲ್ಲಿ 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ದಂಡಸಂಹಿತೆಯ 377ನೇ ವಿಧಿ ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದು ಎಂದು ತೀರ್ಪಿತ್ತಿತು. 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ನೀಡಲು ಅದು ನಿರಾಕರಿಸಿತು. ಈ ಮೊದಲೇ, 2013ರ ಡಿಸೆಂಬರ್‌ನಲ್ಲಿ, ಅಂದಿನ ಮುಂಬಯಿ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್, ಧರ್ಮಸಭೆ ಸಲಿಂಗ ವಿವಾಹವನ್ನು ಒಪ್ಪದಿದ್ದರೂ ಸಲಿಂಗಿಗಳನ್ನು ಎಂದೂ ಅಪರಾಧಿಗಳೆಂದು ಪರಿಗಣಿಸಿಲ್ಲ ಎಂದು ಸ್ಪಷ್ಟಪಡಿಸಿದ್ದರು.

ನಮ್ಮ ಧರ್ಮಕೇಂದ್ರಗಳಿಗೆ ಇದರಿಂದ ಕಲಿಯಲು ದೊಡ್ಡ ಯೋಜನೆಯೇನೂ ಬೇಕಿಲ್ಲ. ಪ್ರವಚನದಲ್ಲಿ, ವಾಳೆಯ ಸಭೆಯಲ್ಲಿ ಗೇಲಿಯ ಮಾತು ಆಡದಿರುವುದು ಮೊದಲ ಹೆಜ್ಜೆ. ಅದನ್ನು ಕೇಳುತ್ತಾ ಕುಳಿತವರಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಮೌನವಾಗಿ ನೊಂದಿರಬಹುದು. ಮಕ್ಕಳು ಮನೆಯಲ್ಲಿ ನಿಜ ಹೇಳಿಕೊಂಡಾಗ ಹೊರಗೆ ಹಾಕದಂತೆ ಹೆತ್ತವರಿಗೆ ಧೈರ್ಯ ಹೇಳುವುದು ಎರಡನೆಯದು. ಪಾಪನಿವೇದನೆಗೆ ಬಂದವರ ಮಾತನ್ನು ಪೂರ್ತಿ ಕೇಳುವುದು ಮೂರನೆಯದು, ಅದು ನಮ್ಮಂತಹ ಗುರುಗಳ ಕೆಲಸ.

ಕ್ಯಾಸ್ಟ್ರೊದ ಆ ಅಜ್ಜಿಯರು ದೇವಶಾಸ್ತ್ರ ಓದಿದವರಲ್ಲ. ಪಕ್ಕದಲ್ಲಿ ಕುಳಿತವನಿಗೆ ಜ್ವರ ಬಂದಿದೆ ಎಂದು ತಿಳಿದಾಗ ಅವನ ಮನೆ ಹುಡುಕಿಕೊಂಡು ಹೋಗುವಷ್ಟು ಅವರಿಗೆ ತಿಳಿದಿತ್ತು. ನಮಗೂ ಅಷ್ಟು ತಿಳಿದರೆ, ತಗ್ಗಿದ ದನಿಯಲ್ಲಿ ಕೇಳುವ ಆ ತಂದೆತಾಯಿಗೆ ಉತ್ತರ ಕೊಡುವುದು ಸುಲಭವಾದೀತು.