ಕಮ್ಮಟವಿಲ್ಲದ ನಾಣ್ಯ

‘ಕಮ್ಮಟ’ ಎಂಬ ಮಾತನ್ನು ಇಂದು ನಾವು ಕಾವ್ಯ ಕಮ್ಮಟ, ಕಥಾ ಕಮ್ಮಟ ಎಂದು ಬಳಸುತ್ತೇವೆ. ಹಳೆಯ ಕನ್ನಡದಲ್ಲಿ ಆ ಮಾತಿಗೆ ನಾಣ್ಯವನ್ನು ಅಚ್ಚೊತ್ತುವ ಸ್ಥಳ ಎಂಬ ಅರ್ಥವಿತ್ತು. ಟಂಕಸಾಲೆ ಎಂದರೂ ಅದೇ. ಕಮ್ಮಟ ಯಾರ ಕೈಯಲ್ಲಿದೆಯೋ ಅಧಿಕಾರವೂ ಅವರ ಕೈಯಲ್ಲಿ ಎಂಬುದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಇಂದು ಹೇಳಹೊರಟಿರುವುದು ಕಮ್ಮಟವೇ ಇಲ್ಲದ ಒಂದು ನಾಣ್ಯದ ಇತಿಹಾಸ. ಅಲ್ಲಿ ಅರಸನಿಲ್ಲ, ಮುದ್ರೆಯಿಲ್ಲ, ಲೋಹವೂ ಇಲ್ಲ. ಆದರೂ ಹತ್ತು ವರ್ಷ ಕಳೆಯುವುದರೊಳಗೆ ಅಲ್ಲಿಯೂ ಕಮ್ಮಟದ ಒಡೆಯರು ಹುಟ್ಟಿಕೊಂಡರು. ಅವರನ್ನು ಹೊರಗಿಡುವ ಸಲುವಾಗಿ ಒಂದು ಸಮುದಾಯ ತನ್ನ ನಿಯಮವನ್ನೇ ಮತ್ತೆ ಮತ್ತೆ ಬದಲಾಯಿಸಿತು. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇದರಲ್ಲೇನು ಕೆಲಸ ಎಂದು ತಾವು ಕೇಳಬಹುದು. ಯಂತ್ರಕ್ಕೂ ಸಾಮಾನ್ಯನ ಕೈಗೂ ನಡುವಣ ವ್ಯಾಜ್ಯ ಯಾವ ಕಾಲದಲ್ಲಿ, ಯಾವ ರೂಪದಲ್ಲಿ ನಡೆದರೂ ಅದು ಸಾಹಿತ್ಯದ ವಿದ್ಯಾರ್ಥಿಗೆ ಸಂಬಂಧಪಟ್ಟದ್ದೇ ಎಂಬುದು ನನ್ನ ನಂಬಿಕೆ.

2008ರ ಅಕ್ಟೋಬರ್ 31ರಂದು ಸತೋಷಿ ನಕಾಮೊಟೊ ಎಂಬ ಹೆಸರಿನಲ್ಲಿ ಒಂಬತ್ತು ಪುಟಗಳ ಪ್ರಬಂಧವೊಂದು ಪ್ರಕಟವಾಯಿತು. ಆ ಹೆಸರಿನ ಹಿಂದೆ ಯಾರಿದ್ದರೆಂಬುದು ಇಂದಿಗೂ ನಿಶ್ಚಿತವಾಗಿಲ್ಲ. ಪ್ರಬಂಧದಲ್ಲಿ ವಿವರಿಸಿದ ಬಿಟ್‌ಕಾಯಿನ್ 2009ರ ಜನವರಿ 3ರಂದು ಆರಂಭವಾಯಿತು. ಅದರ ತಿರುಳು ಇಷ್ಟು: ನಾಣ್ಯವೆಂದರೆ ಒಂದು ಲೆಕ್ಕದ ಪುಸ್ತಕದಲ್ಲಿರುವ ನಮೂದು, ಆ ಪುಸ್ತಕದ ಪ್ರತಿ ಎಲ್ಲರ ಬಳಿಯೂ ಇರುತ್ತದೆ. ಹಾಗಾದರೆ ಮುಂದಿನ ಪುಟವನ್ನು ಬರೆಯುವ ಹಕ್ಕು ಯಾರಿಗೆ? ಅದಕ್ಕೊಂದು ಸ್ಪರ್ಧೆ. ಪುಟದ ಲೆಕ್ಕಕ್ಕೆ ಯಾವುದಾದರೊಂದು ಸಂಖ್ಯೆಯನ್ನು ಸೇರಿಸಿ, ಗೊತ್ತಾದ ಗಣಿತಕ್ರಮವೊಂದರಲ್ಲಿ ಅರೆಯಬೇಕು. ಹೊರಬರುವ ಫಲ ನಿಗದಿಯಾದ ಮಿತಿಗಿಂತ ಚಿಕ್ಕದಾಗಿದ್ದರೆ ಗೆಲುವು. ಇಲ್ಲವಾದರೆ ಇನ್ನೊಂದು ಸಂಖ್ಯೆ. ಬುದ್ಧಿವಂತಿಕೆಗೆ ಇಲ್ಲಿ ಆಸ್ಪದವಿಲ್ಲ. ಊಹೆಯ ಮೇಲೆ ಊಹೆ ಮಾಡುತ್ತ ಹೋಗುವುದೊಂದೇ ದಾರಿ. ಗೆದ್ದವನು ಪುಟ ಬರೆಯುತ್ತಾನೆ, ಹೊಸ ನಾಣ್ಯಗಳನ್ನು ಸಂಭಾವನೆಯಾಗಿ ಪಡೆಯುತ್ತಾನೆ. ಇದಕ್ಕೇ ಗಣಿಗಾರಿಕೆ ಎಂದು ಹೆಸರು.

ಈ ಏರ್ಪಾಡಿನ ಹಿಂದೆ ಒಂದು ಆದರ್ಶವಿತ್ತು. ಒಂದು ಪ್ರೊಸೆಸರಿಗೆ ಒಂದು ಮತ. ಮನೆಮನೆಯ ಗಣಕಯಂತ್ರವೂ ಊಹೆಯಲ್ಲಿ ಪಾಲ್ಗೊಂಡರೆ ಪುಸ್ತಕ ಯಾವೊಬ್ಬನ ಸೊತ್ತೂ ಆಗದು. ಹಳೆಯ ಪುಟವನ್ನು ತಿದ್ದಿ ಮೋಸ ಮಾಡಬೇಕೆನ್ನುವವನು ಜಗತ್ತಿನ ಉಳಿದೆಲ್ಲ ಭಾಗಿಗಳಿಗಿಂತ ಹೆಚ್ಚು ಬಲವನ್ನು ಒಬ್ಬನೇ ಕೂಡಿಸಬೇಕಾಗುತ್ತದೆ.

ಆದರ್ಶ ಹೆಚ್ಚು ದಿನ ಬಾಳಲಿಲ್ಲ. ಚಿತ್ರಗಳನ್ನು ಮೂಡಿಸಲೆಂದು ಮಾಡಿದ ಗ್ರಾಫಿಕ್ಸ್ ಕಾರ್ಡುಗಳು ಒಂದೇ ಬಗೆಯ ಲೆಕ್ಕವನ್ನು ಸಾಲುಸಾಲಾಗಿ ಮಾಡಬಲ್ಲವೆಂದು 2010ರಲ್ಲಿಯೇ ಜನ ಕಂಡುಕೊಂಡರು. 2013ರ ಆರಂಭದಲ್ಲಿ ಬಿಟ್‌ಕಾಯಿನ್‌ನ ಗಣಿತವೊಂದನ್ನೇ ಮಾಡುವ ಚಿಪ್ಪುಗಳು ಮಾರುಕಟ್ಟೆಗೆ ಬಂದವು. ಇವನ್ನು ಏಸಿಕ್ ಎನ್ನುತ್ತಾರೆ. ಇವುಗಳಿಂದ ಪತ್ರ ಬರೆಯಲಾಗದು, ಹಾಡು ಕೇಳಲಾಗದು. ಮಾಡುವುದು ಒಂದೇ ಕೆಲಸ. ಆದರೆ ಆ ಒಂದು ಕೆಲಸದಲ್ಲಿ ಮನೆಯ ಗಣಕ ಅವುಗಳ ಸಮೀಪಕ್ಕೂ ಸುಳಿಯಲಾರದು. ಅಲ್ಲಿಗೆ ಸಾಮಾನ್ಯನ ಮತ ಲೆಕ್ಕಕ್ಕಿಲ್ಲದಾಯಿತು. ಗಣಿಗಾರಿಕೆ ವಿದ್ಯುತ್ತು ಅಗ್ಗವಾದ ಕಡೆ ದೊಡ್ಡ ದೊಡ್ಡ ಮಳಿಗೆಗಳಲ್ಲಿ ನಡೆಯುವ ಕೈಗಾರಿಕೆಯಾಯಿತು.

ಇದಕ್ಕೆ ಪ್ರತಿಯಾಗಿ ಹೊಳೆದ ಉಪಾಯ, ಗಣಿತದ ಕ್ರಮವನ್ನೇ ಬೇರೆ ಮಾಡುವುದು. ಲೆಕ್ಕ ಮಾಡುವ ಚಿಪ್ಪು ಅಗ್ಗ. ಲೆಕ್ಕವನ್ನು ನೆನಪಿಟ್ಟುಕೊಳ್ಳುವ ಸ್ಮೃತಿಕೋಶ ದುಬಾರಿ. ಆದ್ದರಿಂದ ಹೆಚ್ಚು ಸ್ಮೃತಿಯನ್ನು ಬೇಡುವ ಲೆಕ್ಕವನ್ನು ಕೊಟ್ಟರೆ ಒಂದೇ ಕೆಲಸದ ಯಂತ್ರದ ಮೇಲುಗೈ ತಗ್ಗೀತು ಎಂಬುದು ತರ್ಕ. 2011ರ ಅಕ್ಟೋಬರಿನಲ್ಲಿ ಚಾರ್ಲಿ ಲೀ ಹೊರತಂದ ಲೈಟ್‌ಕಾಯಿನ್ ಈ ಜಾತಿಯ ‘ಎಸ್‌ಕ್ರಿಪ್ಟ್’ ಎಂಬ ಕ್ರಮವನ್ನು ಅನುಸರಿಸಿತು. 2014ರ ಹೊತ್ತಿಗೆ ಅದಕ್ಕೂ ಏಸಿಕ್ ಬಂದಿತು. ಅದೇ 2014ರ ಏಪ್ರಿಲಿನಲ್ಲಿ ಹುಟ್ಟಿದ ಮೊನೆರೊ ಎಂಬ ನಾಣ್ಯ ‘ಕ್ರಿಪ್ಟೊನೈಟ್’ ಎಂಬ ಕ್ರಮವನ್ನು ಆರಿಸಿಕೊಂಡಿತ್ತು. ಪ್ರತಿಯೊಂದು ಊಹೆಗೂ ಅದು ಎರಡು ಮೆಗಾಬೈಟ್ ಸ್ಮೃತಿಯನ್ನು ಬೇಡುತ್ತದೆ. ಸಾಮಾನ್ಯ ಪ್ರೊಸೆಸರಿನೊಳಗೆ ಇರುವ ವೇಗದ ಸ್ಮೃತಿಯಲ್ಲಿ ಅಷ್ಟು ಹಿಡಿಸುತ್ತದೆ. ಸುಮಾರು ನಾಲ್ಕು ವರ್ಷ ಈ ಕೋಟೆ ನಿಂತಿತು.

ಇತಿಹಾಸದ ನಿಜವಾದ ತಿರುವು 2018ರದು. ಆ ವರ್ಷದ ಫೆಬ್ರವರಿಯಲ್ಲಿ ಮೊನೆರೊ ನಿರ್ಮಾತೃಗಳು ವಿಶೇಷ ಯಂತ್ರಗಳ ಅಪಾಯವನ್ನು ಮನಗಂಡು, ಇನ್ನು ಮುಂದೆ ಆರು ತಿಂಗಳಿಗೊಮ್ಮೆ ಕ್ರಮವನ್ನು ಸ್ವಲ್ಪ ಸ್ವಲ್ಪ ಬದಲಾಯಿಸುತ್ತೇವೆ ಎಂದು ಪ್ರಕಟಿಸಿದರು. ಮಾರ್ಚ್ 15ರಂದು ಚೀನಾದ ಬಿಟ್‌ಮೇನ್ ಸಂಸ್ಥೆ ಆಂಟ್‌ಮೈನರ್ ಎಕ್ಸ್3 ಎಂಬ ಯಂತ್ರವನ್ನು ಘೋಷಿಸಿತು. ಮನೆಯ ಗಣಕ ಸೆಕೆಂಡಿಗೆ ಕೆಲವು ನೂರು ಊಹೆ ಮಾಡುತ್ತಿದ್ದ ಕಾಲದಲ್ಲಿ ಇದು ಮಾಡುತ್ತಿದ್ದುದು 2,20,000. ಏಪ್ರಿಲ್ 6ರಂದು ಮೊನೆರೊ ತನ್ನ ಕ್ರಮವನ್ನು ಬದಲಾಯಿಸಿತು. ಬದಲಾವಣೆ ಅತ್ಯಲ್ಪ, ಆದರೆ ಚಿಪ್ಪಿನಲ್ಲಿ ಕೆತ್ತಿದ ಲೆಕ್ಕ ಕಲ್ಲಿನಲ್ಲಿ ಕೆತ್ತಿದ ಅಕ್ಷರದಂತೆ, ತಿದ್ದಲು ಬರುವುದಿಲ್ಲ. ಯಂತ್ರಗಳು ಮೊನೆರೊ ಮಟ್ಟಿಗೆ ನಿರುಪಯುಕ್ತವಾದವು.

ಆ ದಿನ ಮತ್ತೊಂದು ಸತ್ಯ ಬೆಳಕಿಗೆ ಬಂದಿತು. ಜಾಲದ ಒಟ್ಟು ಲೆಕ್ಕದ ವೇಗ ಅರ್ಧಕ್ಕಿಂತಲೂ ಕೆಳಗೆ ಕುಸಿಯಿತು. ಯಂತ್ರ ಬಹಿರಂಗವಾಗಿ ಮಾರಾಟಕ್ಕೆ ಬರುವ ಮುನ್ನವೇ ಅಂಥ ಯಂತ್ರಗಳು ಎಲ್ಲಿಯೋ ಮರೆಯಲ್ಲಿ ದುಡಿಯುತ್ತಿದ್ದವೆಂಬ ಅನುಮಾನಕ್ಕೆ ಇದು ಬಲ ಕೊಟ್ಟಿತು. ಎಲ್ಲರದೂ ಎಂದು ತಿಳಿದಿದ್ದ ಪುಸ್ತಕದ ಬಹುಭಾಗವನ್ನು ಕೆಲವರೇ ಬರೆಯುತ್ತಿದ್ದರು! ಹೊಸ ನಿಯಮವನ್ನು ಒಪ್ಪದವರು ಹಳೆಯ ಕ್ರಮವನ್ನೇ ಉಳಿಸಿಕೊಂಡು ಮೊನೆರೊ ಕ್ಲಾಸಿಕ್, ಮೊನೆರೊ ಒರಿಜಿನಲ್ ಮುಂತಾದ ಹೆಸರುಗಳಲ್ಲಿ ಬೇರೆ ಮನೆ ಹೂಡಿದರು. ಆದರೆ ಬಹುಜನ ಹೊಸ ದಾರಿಯಲ್ಲಿಯೇ ನಡೆದರು.

ನಮ್ಮಲ್ಲೊಂದು ಗಾದೆಯಿದೆ: ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ. 2018ರ ಅಕ್ಟೋಬರಿನಲ್ಲಿ ಎರಡನೆಯ ಬದಲಾವಣೆ, 2019ರ ಮಾರ್ಚಿನಲ್ಲಿ ಮೂರನೆಯದು. ಪ್ರತಿಯೊಂದು ಬದಲಾವಣೆಯ ಬಳಿಕ ಹೊಸ ಯಂತ್ರಗಳು ಒಳಗೆ ನುಸುಳಿವೆಯೆಂಬ ಶಂಕೆ ತಪ್ಪಲಿಲ್ಲ. ಆರಾರು ತಿಂಗಳಿಗೆ ನಿಯಮ ಬದಲಾಯಿಸುವುದರಲ್ಲಿ ಇನ್ನೊಂದು ಅಪಾಯವೂ ಇತ್ತು. ಒಡೆಯನಿಲ್ಲದ ನಾಣ್ಯದಲ್ಲಿ, ನಿಯಮ ತಿದ್ದುವ ನಾಲ್ಕಾರು ಮಂದಿಯೇ ಒಡೆಯರಾಗಿಬಿಡುತ್ತಾರಲ್ಲವೆ?

ಆಗ ಕೆಲವರು ಪ್ರಶ್ನೆಯನ್ನೇ ತಿರುಗಿಸಿ ಕೇಳಿಕೊಂಡರು. ವಿಶೇಷ ಯಂತ್ರವನ್ನು ತಡೆಯುವುದು ಹೇಗೆ ಎನ್ನುವುದನ್ನು ಬಿಟ್ಟು, ಸಾಮಾನ್ಯ ಪ್ರೊಸೆಸರೇ ಅತಿ ಸಮರ್ಥವಾಗಿ ಮಾಡಬಲ್ಲ ಕೆಲಸ ಯಾವುದು ಎಂದು ಯೋಚಿಸಿದರು. ಉತ್ತರಪತ್ರಿಕೆ ತಿದ್ದಿದ ನನ್ನಂಥವನಿಗೆ ಇದು ಬೇಗ ಅರ್ಥವಾಗುವ ಸಂಗತಿ. ಪ್ರತಿವರ್ಷ ಒಂದೇ ಪ್ರಶ್ನೆ ಬಂದರೆ ಗೈಡು ಉರುಹೊಡೆದವನು ಮೊದಲಿಗನಾಗುತ್ತಾನೆ. ಪ್ರಶ್ನೆಯ ಒಂದೆರಡು ಪದಗಳನ್ನು ಬದಲಾಯಿಸಿದರೆ ಮರುವರ್ಷ ಹೊಸ ಗೈಡು ಬರುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ಆ ಕ್ಷಣದಲ್ಲಿಯೇ ಸಿದ್ಧವಾದ ಬೇರೆ ಬೇರೆ ಪ್ರಶ್ನೆಪತ್ರಿಕೆ ಕೊಟ್ಟರೆ? ಗೈಡಿಗೆ ಬೆಲೆಯಿಲ್ಲ, ಓದಿದವನೇ ಗೆಲ್ಲಬೇಕು.

‘ರ‍್ಯಾಂಡಮ್‌ಎಕ್ಸ್’ ಎಂಬ ಕ್ರಮದ ಮರ್ಮ ಇದೇ. ಅದರಲ್ಲಿ ಪ್ರತಿ ಊಹೆಗೂ ಎಂಟು ಪ್ರೋಗ್ರಾಮುಗಳು ಯಾದೃಚ್ಛಿಕವಾಗಿ ಹುಟ್ಟುತ್ತವೆ. ಒಂದೊಂದರಲ್ಲಿಯೂ 256 ಆಜ್ಞೆಗಳು. ಕೂಡುವುದು, ಗುಣಿಸುವುದು, ದಶಾಂಶದ ಲೆಕ್ಕ, ಕವಲೊಡೆಯುವುದು ಹೀಗೆ ಸಾಮಾನ್ಯ ಪ್ರೊಸೆಸರಿನ ಎಲ್ಲ ಅಂಗಗಳಿಗೂ ಕೆಲಸ. ಅದರೊಡನೆ ಎರಡು ಗಿಗಾಬೈಟಿಗೂ ಮಿಕ್ಕ ದತ್ತಾಂಶವನ್ನು ಸ್ಮೃತಿಯಲ್ಲಿ ಹರಡಿಕೊಂಡು ಕೂರಬೇಕು. ಆ ದತ್ತಾಂಶವೂ ಪ್ರತಿ 2,048 ಪುಟಗಳಿಗೊಮ್ಮೆ, ಎಂದರೆ ಹೆಚ್ಚುಕಡಮೆ ಮೂರು ದಿನಕ್ಕೊಮ್ಮೆ, ಬದಲಾಗುತ್ತದೆ. ಇದೆಲ್ಲವನ್ನೂ ಮಾಡಬಲ್ಲ ವಿಶೇಷ ಯಂತ್ರವನ್ನು ಕಟ್ಟಹೊರಟವನು ಕಡೆಗೆ ಕಟ್ಟುವುದು ಇನ್ನೊಂದು ಸಾಮಾನ್ಯ ಪ್ರೊಸೆಸರನ್ನೇ. 2019ರಲ್ಲಿ ಹೊರಗಿನ ನಾಲ್ಕು ಸಂಸ್ಥೆಗಳಿಂದ ಪರಿಶೀಲನೆ ಮಾಡಿಸಿ, ಆ ವರ್ಷದ ನವೆಂಬರ್ 30ರಂದು ಇದನ್ನು ಜಾರಿಗೆ ತಂದರು. ಆರು ತಿಂಗಳ ಓಟ ಅಲ್ಲಿಗೆ ನಿಂತಿತು. 2023ರಲ್ಲಿ ಬಿಟ್‌ಮೇನ್ ಈ ಕ್ರಮಕ್ಕೂ ಎಕ್ಸ್5 ಎಂಬ ಯಂತ್ರವನ್ನು ತಂದಿತು. ಆದರೆ 2018ರಲ್ಲಿ ಕಂಡಂಥ ಅಗಾಧ ಅಂತರ ಮತ್ತೆ ಕಾಣಿಸಲಿಲ್ಲ.

ಎಲ್ಲರೂ ಈ ದಾರಿಯನ್ನು ಹಿಡಿಯಲಿಲ್ಲ. ಎಥೀರಿಯಮ್ ನಾಣ್ಯದಲ್ಲಿ 2018ರಿಂದ ‘ಪ್ರೋಗ್‌ಪೌ’ ಎಂಬ ಹೊಸ ಕ್ರಮದ ಪ್ರಸ್ತಾಪವಿತ್ತು. ವಾದವಿವಾದಗಳ ನಡುವೆ ಅದು ಜಾರಿಗೆ ಬರಲೇ ಇಲ್ಲ. 2022ರ ಸೆಪ್ಟೆಂಬರ್ 15ರಂದು ಎಥೀರಿಯಮ್ ಗಣಿಗಾರಿಕೆಯನ್ನೇ ಕೈಬಿಟ್ಟು, ನಾಣ್ಯಗಳನ್ನು ಒತ್ತೆಯಿಟ್ಟವರು ಪುಟ ಬರೆಯುವ ಪದ್ಧತಿಗೆ ಹೊರಳಿತು. ಬಿಟ್‌ಕಾಯಿನ್ ತನ್ನ ಕ್ರಮವನ್ನು ಬದಲಾಯಿಸಿಲ್ಲ. ಅದರ ಪರವಾದಿಗಳ ಮಾತಿನಲ್ಲಿಯೂ ತಥ್ಯವಿದೆ. ಒಂದೇ ಕೆಲಸದ ಯಂತ್ರಕ್ಕೆ ಹಣ ಸುರಿದವನು ಆ ನಾಣ್ಯ ಕೆಟ್ಟರೆ ತಾನೂ ಕೆಡುತ್ತಾನೆ; ಆದ್ದರಿಂದ ಅವನು ಅದನ್ನು ಕಾಯುತ್ತಾನೆ. ಸಾಮಾನ್ಯ ಗಣಕದ ಒಡೆಯನಿಗೆ ಅಂಥ ಹಂಗಿಲ್ಲ, ಇಂದು ಇಲ್ಲಿ, ನಾಳೆ ಮತ್ತೆಲ್ಲೋ. ಅಷ್ಟೇ ಅಲ್ಲ, ಯಾವ ಗಣಕದಲ್ಲಾದರೂ ಮಾಡಬಹುದಾದ ಕೆಲಸವನ್ನು ಕದ್ದ ಗಣಕದಲ್ಲಿಯೂ ಮಾಡಬಹುದು. 2017ರಲ್ಲಿ ಆರಂಭವಾಗಿ 2019ರ ಮಾರ್ಚಿನಲ್ಲಿ ಮುಚ್ಚಿದ ಕಾಯಿನ್‌ಹೈವ್ ಎಂಬ ಸಾಧನವನ್ನು ಬಳಸಿ ಅನೇಕರು, ಅಂತರ್ಜಾಲದ ಪುಟ ತೆರೆದು ಓದುತ್ತಿದ್ದವರ ಗಣಕಗಳನ್ನು ಅವರಿಗರಿವಿಲ್ಲದಂತೆ ಮೊನೆರೊ ಗಣಿಗೆ ದುಡಿಸಿದ್ದುಂಟು.

ಈ ವಾದದ ತೂಕ 2025ರಲ್ಲಿ ಪ್ರತ್ಯಕ್ಷವಾಯಿತು. ಕ್ಯೂಬಿಕ್ ಎಂಬ ಮತ್ತೊಂದು ನಾಣ್ಯದ ಗುಂಪು, ಮೊನೆರೊ ಗಣಿಗಾರರಿಗೆ ತನ್ನ ನಾಣ್ಯದಲ್ಲಿ ಹೆಚ್ಚಿನ ಸಂಭಾವನೆಯ ಆಸೆ ತೋರಿಸಿ ಅವರ ಪ್ರೊಸೆಸರುಗಳನ್ನು ಒಂದೆಡೆ ಕಲೆಹಾಕಿತು. ಆಗಸ್ಟಿನಲ್ಲಿ ತನ್ನದೇ ಬಹುಮತವೆಂದು ಸಾರಿಕೊಂಡಿತು. ಅದನ್ನು ಹಲವರು ಅಲ್ಲಗಳೆದರು. ಆದರೆ ಸೆಪ್ಟೆಂಬರ್ 14ರಂದು ಮೊನೆರೊ ಪುಸ್ತಕದ ಕಡೆಯ 18 ಪುಟಗಳು ಅಳಿಸಿಹೋಗಿ ಬೇರೆ ಪುಟಗಳು ಅವುಗಳ ಸ್ಥಾನಕ್ಕೆ ಬಂದವು. ಅಲ್ಲಿ ಯಾವ ವಿಶೇಷ ಚಿಪ್ಪೂ ಬೇಕಾಗಲಿಲ್ಲ. ಗಣಿತ ತನ್ನ ಕೆಲಸವನ್ನು ತಪ್ಪಿಲ್ಲದೆ ಮಾಡಿತ್ತು. ಸಾಮಾನ್ಯರ ಗಣಕಗಳೇ ದುಡಿಯುತ್ತಿದ್ದವು, ಒಬ್ಬ ಯಜಮಾನನ ಕೈಕೆಳಗೆ.

ಹಾಗೆಂದು 2018ರ ಏಪ್ರಿಲಿನ ಆ ನಿರ್ಧಾರ ವ್ಯರ್ಥವಾಯಿತೆಂದು ನಾನು ಹೇಳಲಾರೆ. ಮೂರು ತಿದ್ದುಪಡಿಗಳಿಂದಲೂ ಒಂದು ಹೊಸ ಕ್ರಮದಿಂದಲೂ ಆ ಸಮುದಾಯ ಗಳಿಸಿದ್ದು ಸಣ್ಣದಲ್ಲ. ಇಂದಿಗೂ ಮನೆಯ ಗಣಕವೊಂದನ್ನು ಇಟ್ಟುಕೊಂಡವನು ಆ ಪುಸ್ತಕದ ಪುಟವೊಂದಕ್ಕಾಗಿ ಸ್ಪರ್ಧಿಸಬಲ್ಲ. ಆದರೆ ಸ್ಪರ್ಧಿಸುವ ಅವಕಾಶ ಒಂದು, ಆ ಅವಕಾಶವನ್ನು ನಾಲ್ಕು ಕಾಸಿನ ಲಾಭಕ್ಕೆ ಬೇರೊಬ್ಬರ ಕೈಗೆ ಒಪ್ಪಿಸದಿರುವ ಮನಸ್ಸು ಇನ್ನೊಂದು. ಮೊದಲನೆಯದನ್ನು ಗಣಿತದಿಂದ ಕಾಪಾಡಬಹುದೆಂದು ಈ ಹತ್ತು ಹದಿನೈದು ವರ್ಷಗಳ ಇತಿಹಾಸ ತೋರಿಸಿದೆ. ಎರಡನೆಯದಕ್ಕೆ ಬೇಕಾದ ಕ್ರಮವನ್ನು ಯಾವ ಕಮ್ಮಟದಲ್ಲಿಯೂ ಯಾರೂ ಇನ್ನೂ ಅಚ್ಚೊತ್ತಿಲ್ಲ.