ಕ್ಯಾಸನೂರು ಕಾಡಿನಿಂದ ಪುಣೆಯ ಪ್ರಯೋಗಾಲಯಕ್ಕೆ

ಸಂಚಿಕೆಗೆ ಲೇಖನ ಬರೆಯಲು ಗುರುಗಳು ಹೇಳಿದಾಗ ನನಗೆ ಹತ್ತನೆಯ ತರಗತಿಯ ವರ್ಷ ನೆನಪಾಯಿತು. ಆಗ ನನ್ನ ತಂಗಿಗೆ ಡೆಂಗಿ ಜ್ವರ ಬಂದಿತ್ತು. ಸಾಯಗಾಂವದಿಂದ ಭಾಲ್ಕಿಗೆ, ಅಲ್ಲಿಂದ ಬೀದರಿಗೆ ಕರೆದೊಯ್ದೆವು. ದೇವರ ದಯೆ, ಬದುಕಿದಳು. ಬಂದದ್ದು ಯಾವ ಜ್ವರವೆಂದು ಕಂಡುಹಿಡಿಯುವವರು ಯಾರು ಎಂಬ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು.

ಉತ್ತರದ ಒಂದು ಭಾಗ ನಮ್ಮ ರಾಜ್ಯದಲ್ಲಿಯೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗರಿಗೂ ಜ್ವರ ಬಂತು. ಭಾರತದಲ್ಲಿ ಇಲ್ಲದ ಹಳದಿ ಜ್ವರ ಬಂದಿತೇ ಎಂಬ ಭಯ ಹುಟ್ಟಿತು. ಪುಣೆಯಲ್ಲಿ 1952ರಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್ ಮತ್ತು ಸಂಗಡಿಗರು ಹುಡುಕಿದಾಗ ಸಿಕ್ಕಿದ್ದು ಹೊಸದೊಂದು ವೈರಸ್. ಉಣ್ಣಿಗಳಿಂದ ಹರಡುವ ಅದು ಡೆಂಗಿ ವೈರಸ್ಸಿನ ಕುಟುಂಬಕ್ಕೇ ಸೇರಿದ್ದು. ಈ ಮಂಗನ ಕಾಯಿಲೆಯ ಸಂಶೋಧನೆಯಲ್ಲಿ ದುಡಿದ ಖೋರ್ಷೆದ್ ಪಾವ್ರಿ ಡೆಂಗಿಯನ್ನೂ ಅಧ್ಯಯನ ಮಾಡಿ, ಮುಂದೆ ಆ ಸಂಸ್ಥೆಯ ನಿರ್ದೇಶಕಿಯಾದರು. ಅದೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. 2009ರಲ್ಲಿ ಎಚ್‌1ಎನ್‌1 ಇನ್‌ಫ್ಲುಯೆಂಜಾ ಬಂದಾಗಲೂ ಮಾದರಿಗಳು ಅಲ್ಲಿಗೇ ಹೋದವು.

ಬಿ.ಇ. ಮುಗಿಸಿ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸಕ್ಕಿರುವ ನಾನು ಆ ಕಟ್ಟಡದ ಮುಂದೆ ಹೋಗುವಾಗಲೆಲ್ಲ ತಂಗಿಯನ್ನು ನೆನೆಯುತ್ತೇನೆ. ಡೆಂಗಿ ವೈರಸ್ಸನ್ನೇ ಕೊಲ್ಲುವ ಔಷಧಿ ಇನ್ನೂ ಬಳಕೆಗೆ ಬಂದಿಲ್ಲ. ಹಗಲಲ್ಲಿ ಕಚ್ಚುವ ಈಡಿಸ್ ಸೊಳ್ಳೆ ನಾವು ತುಂಬಿಟ್ಟ ಡ್ರಮ್ಮು, ಹಂಡೆಗಳಲ್ಲಿಯೇ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆ ಅವನ್ನು ಬರಿದು ಮಾಡಿ, ಉಜ್ಜಿ ತೊಳೆದು, ಮುಚ್ಚಿಡೋಣ. ಅಂದು ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಮುಂದೊಂದು ದಿನ ಹೊಸ ಜ್ವರ ಬಂದರೆ, ಅದರ ಮೂಲ ಹುಡುಕುವವರಲ್ಲಿ ನಮ್ಮ ಶಾಲೆಯ ಮಕ್ಕಳೂ ಇರಲಿ.