ತಂತಿಗೆ ಕಟ್ಟಿದ ನಂಬರು

ನಿಮ್ಮ ಮನೆಯ ಟೆಲಿಫೋನ್ ನಂಬರು ಯಾರದು? ನಿಮ್ಮದೋ, ಕಂಪನಿಯದೋ, ಗೋಡೆಗೆ ಬಂದಿರುವ ತಂತಿಯದೋ? ಇದೇನು ಪ್ರಶ್ನೆ ಎಂದು ನಗಬೇಡಿ. ಹಳೆಯ ತಂತಿ ತೆಗೆಸಿ, ಅದೇ ನಂಬರನ್ನು ಇಂಟರ್‌ನೆಟ್ ಮೂಲಕ ಮಾತಾಡುವ ವ್ಯವಸ್ಥೆಗೆ ಒಯ್ಯುವ ಕಾಲ ಇದು. ಈ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ, ಬಂಧು ಬಳಗಕ್ಕೆಲ್ಲ ಬಾಯಿಪಾಠವಾಗಿರುವ ನಂಬರು ಒಂದೇ ಅರ್ಜಿಯಲ್ಲಿ ಕೈತಪ್ಪಿ ಹೋಗಬಹುದು. ಉತ್ತರ ಇತಿಹಾಸದಲ್ಲಿದೆ. ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಮೊದಮೊದಲು ಫೋನಿಗೆ ನಂಬರೇ ಇರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಕುಳಿತವರಿಗೆ ‘ಇಂಥವರ ಮನೆಗೆ ಕೊಡಿ’ ಎಂದರೆ ಸಾಕಾಗಿತ್ತು. 1879ರಲ್ಲಿ ಅಮೆರಿಕದ ಲೋವೆಲ್ ಎಂಬ ಊರಿನಲ್ಲಿ ದಡಾರ ಹಬ್ಬಿತು. ಆಪರೇಟರುಗಳೆಲ್ಲ ಒಮ್ಮೆಲೇ ಹಾಸಿಗೆ ಹಿಡಿದರೆ, ಹೊಸಬರಿಗೆ ಯಾರ ತಂತಿ ಎಲ್ಲಿದೆ ಎಂದು ಹೇಗೆ ಗೊತ್ತಾಗಬೇಕು? ಆ ಊರಿನ ವೈದ್ಯರೊಬ್ಬರು, ಹೆಸರಿನ ಬದಲು ಪ್ರತಿ ತಂತಿಗೂ ಒಂದು ನಂಬರು ಕೊಡಿ ಎಂದು ಸೂಚಿಸಿದರೆಂದು ಟೆಲಿಫೋನಿನ ಚರಿತ್ರೆ ಹೇಳುತ್ತದೆ. ಇಲ್ಲೊಂದು ಸಂಗತಿ ಗಮನಿಸಿ. ನಂಬರು ಬಿದ್ದದ್ದು ಮನುಷ್ಯನಿಗಲ್ಲ, ತಂತಿಗೆ. 1891ರಲ್ಲಿ ಸ್ಟ್ರೌಜರ್ ಎಂಬಾತ ತಾನಾಗಿಯೇ ಲೈನು ಜೋಡಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಈ ಗಂಟು ಇನ್ನೂ ಬಿಗಿಯಾಯಿತು. ತಂತಿ ಹೋದರೆ ನಂಬರೂ ಹೋಯಿತು.

ನಮ್ಮ ದೇಶಕ್ಕೆ ಟೆಲಿಫೋನ್ ಎಕ್ಸ್‌ಚೇಂಜ್ ಬಂದದ್ದು 1882ರಲ್ಲಿ, ಕಲಕತ್ತಾ, ಮುಂಬಯಿ, ಮದ್ರಾಸುಗಳಿಗೆ. ನಮ್ಮ ಸೀಮೆಯ ಹಳ್ಳಿಗಳಿಗೆ ಅದು ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ನಕಾಶೆಯೇ ಬದಲಾಗಿತ್ತು. 1956ರ ಅಕ್ಟೋಬರ್ ಕೊನೆಯವರೆಗೆ ಉಮರ್ಗಾ, ನಿಲಂಗಾ, ಉದಗೀರ, ಬಸವಕಲ್ಯಾಣ, ಆಳಂದ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಲಂಗಾ, ಉದಗೀರಗಳಂತೂ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ನವೆಂಬರ್ 1ರಂದು ರಾಜ್ಯ ಮೂರು ಭಾಗವಾಯಿತು. ಬೀಗರು ಆಚೆ, ನಾವು ಈಚೆ. ಮುಂದೆ ಎಸ್.ಟಿ.ಡಿ. ಬಂದಾಗ ಆ ಗೆರೆ ಫೋನಿನ ಡಯಲಿನಲ್ಲಿಯೂ ಮೂಡಿತು. ಉಮರ್ಗಾಕ್ಕೆ 02475, ಉದಗೀರಕ್ಕೆ 02385. ಬಸವಕಲ್ಯಾಣಕ್ಕೆ 08481, ಭಾಲ್ಕಿಗೆ 08484. ಹೊಲದ ಬದುವಿನಾಚೆಯ ಊರಿಗೆ ಮಾತಾಡಬೇಕೆಂದರೂ ಎರಡರ ನಾಡಿನಿಂದ ಎಂಟರ ನಾಡಿಗೆ ಹೋಗಬೇಕಾಯಿತು.

ಟ್ರಂಕ್ ಕಾಲಿನ ದಿನಗಳು ಹಿರಿಯರಿಗೆ ನೆನಪಿರಬೇಕು. ಅಂಚೆ ಕಚೇರಿಯಲ್ಲಿ ಹೆಸರು ಬರೆಸಿ, ಆರ್ಡಿನರಿಯೋ ಅರ್ಜೆಂಟೋ ಹೇಳಿ, ಕಟ್ಟೆಯ ಮೇಲೆ ಕಾಯುತ್ತ ಕೂಡಬೇಕಿತ್ತು. ಮನೆಗೆ ಫೋನು ಬೇಕೆಂದು ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾದರು. ಹೀಗಾಗಿ ಒಂದು ಓಣಿಯ ಫೋನು ಹತ್ತು ಮನೆಯವರ ಫೋನಾಯಿತು. ಮದುವೆಯ ಕರೆಯೋಲೆಯಲ್ಲಿ ನಂಬರಿನ ಮುಂದೆ ‘ಪಿ.ಪಿ.’ ಎಂದು ಅಚ್ಚಾಗುತ್ತಿತ್ತಲ್ಲ, ಅದು ನೆರೆಮನೆಯವರ ನಂಬರು. ‘ನಿಮಗೆ ಫೋನ್ ಬಂದದ’ ಎಂದು ಅಂಗಳದಲ್ಲಿ ನಿಂತು ಕೂಗಿ ಕರೆದ ಆ ನೆರೆಯವರ ಉಪಕಾರವನ್ನು ಯಾವ ಬಿಲ್ಲಿನಲ್ಲಿ ಬರೆಯುವುದು?

ಬದಲಾವಣೆಯ ಒಂದು ಮುಖ್ಯ ಹೆಜ್ಜೆ ಕನ್ನಡದ ನೆಲದಲ್ಲಿಯೇ ಬಿತ್ತು. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ 128 ಲೈನುಗಳ ಚಿಕ್ಕ ಎಕ್ಸ್‌ಚೇಂಜ್ ತಯಾರಿಸಿತು. ಧೂಳಿದ್ದರೂ ಸೆಖೆಯಿದ್ದರೂ, ಏರ್ ಕಂಡೀಷನ್ ಇಲ್ಲದೆಯೇ ಅದು ನಡೆಯುತ್ತಿತ್ತು. ಮೊದಲನೆಯದನ್ನು 1986ರಲ್ಲಿ ಕೂಡಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, ರಾಣಿ ಚೆನ್ನಮ್ಮನ ಊರಿನಲ್ಲಿ. ಅಲ್ಲಿಂದ ಮುಂದೆ ಹಳದಿ ಬಣ್ಣದ ಎಸ್.ಟಿ.ಡಿ. ಬೂತುಗಳು ಬಸ್ ನಿಲ್ದಾಣ ನಿಲ್ದಾಣಕ್ಕೂ ಬಂದವು. ಆದರೂ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರು ಕಡೆ ಭೂಮಿ ನಡುಗಿ ಸಾವಿರಾರು ಜನ ಮಣ್ಣುಪಾಲಾದಾಗ, ಎಷ್ಟೋ ಹಳ್ಳಿಗಳಲ್ಲಿ ಒಂದು ಫೋನೂ ಇರಲಿಲ್ಲ. ಮುಂಬಯಿ, ಪುಣೆಗಳಲ್ಲಿ ದುಡಿಯುತ್ತಿದ್ದ ಮಕ್ಕಳು ತಾಯಿ ತಂದೆ ಬದುಕಿದ್ದಾರೋ ಇಲ್ಲವೋ ಎಂದು ಕೇಳಲು ಒಂದು ನಂಬರಿಲ್ಲದೆ ಬಸ್ಸು ಹತ್ತಬೇಕಾಯಿತು. ನಂಬರಿನ ಬೆಲೆ ಏನೆಂಬುದನ್ನು ನಮ್ಮ ಸೀಮೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

2000ನೆಯ ಇಸವಿ ಅಕ್ಟೋಬರ್ 1ರಂದು ಟೆಲಿಫೋನ್ ಇಲಾಖೆಯ ಸೇವೆ ಬಿ.ಎಸ್.ಎನ್.ಎಲ್. ಆಯಿತು. 2005ರಲ್ಲಿ ಅದೇ ತಾಮ್ರದ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಬಂತು. ಇದರ ಮರ್ಮ ಹೀಗಿದೆ. ನಮ್ಮ ಮಾತು ತಂತಿಯಲ್ಲಿ ಕೆಳಗಿನ ಕಂಪನಗಳಲ್ಲಿ ಹರಿಯುತ್ತದೆ, ಇಂಟರ್‌ನೆಟ್ಟಿನ ಮಾಹಿತಿ ಮೇಲಿನ ಕಂಪನಗಳಲ್ಲಿ. ಮನೆಯಲ್ಲೊಂದು ಪುಟ್ಟ ಡಬ್ಬಿ ಎರಡನ್ನೂ ಬೇರೆ ಮಾಡುತ್ತದೆ. ಒಂದೇ ಬಂಡಿಯಲ್ಲಿ ಎರಡು ಹೇರು. ಹಾಗಾಗಿ ಫೋನಿನ ಲೈನು ಬಿಟ್ಟುಕೊಟ್ಟವರ ಬ್ರಾಡ್‌ಬ್ಯಾಂಡೂ ಅದರ ಜೊತೆಗೇ ಹೋಗುತ್ತಿತ್ತು. ಈ ಜೋಡಿ ಗಂಟನ್ನು ಮರೆತವರೇ ಮುಂದೆ ಪೇಚಿಗೆ ಸಿಕ್ಕಿಕೊಳ್ಳುವುದು.

ಇನ್ನು ನಂಬರು ತಂತಿಯಿಂದ ಬಿಡುಗಡೆಯಾದ ಕಥೆ. ಅಮೆರಿಕದಲ್ಲಿ 1996ರ ಕಾಯಿದೆ, ಕಂಪನಿ ಬದಲಿಸಿದರೂ ಗಿರಾಕಿ ತನ್ನ ನಂಬರನ್ನು ಒಯ್ಯಬಹುದೆಂದು ವಿಧಿಸಿತು. ನಮ್ಮಲ್ಲಿ ಈ ಸೌಲಭ್ಯ 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಆರಂಭವಾಗಿ, 2011ರ ಜನವರಿ 20ರಂದು ದೇಶಕ್ಕೆಲ್ಲ ಬಂತು. ಅದೂ ಮೊಬೈಲಿಗೆ ಮಾತ್ರ, ಒಂದೇ ಸರ್ಕಲ್ಲಿನ ಒಳಗೆ ಮಾತ್ರ. ಮಹಾರಾಷ್ಟ್ರ ಒಂದು ಸರ್ಕಲ್, ಕರ್ನಾಟಕ ಇನ್ನೊಂದು. ಬಸವಕಲ್ಯಾಣದಿಂದ ಉಮರ್ಗಾಕ್ಕೆ ಸೊಸೆಯಾಗಿ ಬಂದ ಹೆಣ್ಣುಮಗಳು ತವರಿನ ನಂಬರನ್ನು ಬಿಡಬೇಕು, ಇಲ್ಲವೇ ರೋಮಿಂಗಿನ ದುಡ್ಡು ತೆರಬೇಕು. 2015ರ ಜುಲೈ 3ರಂದು ಆ ಗೋಡೆಯೂ ಬಿತ್ತು. ಈಗ ಎಂಟರ ನಾಡಿನ ನಂಬರು ಎರಡರ ನಾಡಿನಲ್ಲಿ ಸಂಸಾರ ಮಾಡಬಹುದು.

ಮರುವರ್ಷ, 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಶುರುವಾಯಿತು. ಅದರಲ್ಲಿ ಮಾತೂ ಇಂಟರ್‌ನೆಟ್ಟಿನ ರೀತಿಯಲ್ಲಿಯೇ, ಮಾಹಿತಿಯ ಪೊಟ್ಟಣಗಳಾಗಿ ಹೋಗುತ್ತದೆ. ಅಂದರೆ ಹಳೆಯ ನಂಬರನ್ನು ಅಲ್ಲಿಗೆ ಒಯ್ದವರು, ತಮಗೆ ಗೊತ್ತಿಲ್ಲದೆಯೇ ನಂಬರನ್ನು ಇಂಟರ್‌ನೆಟ್ ಮಾತಿಗೆ ಬದಲಿಸಿದ್ದರು. ಮನೆಯ ಫೋನಿಗೂ ಈಗ ಅದೇ ದಾರಿ. ತಾಮ್ರ ಹೋಗಿ ಗಾಜಿನ ಎಳೆಯ ಫೈಬರ್ ಬಂದಿದೆ. ಬಿ.ಎಸ್.ಎನ್.ಎಲ್. ತನ್ನ ತಾಮ್ರದ ನಂಬರನ್ನೇ ಫೈಬರಿಗೆ ಹಾಕಿಕೊಡುತ್ತದೆ. ಆದರೆ ಮನೆಯ ಫೋನಿನ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದು ಕಂಪನಿಗೆ ಒಯ್ಯುವ ಸೌಲಭ್ಯ, ಮೊಬೈಲಿಗಿರುವ ಹಾಗೆ, ನಮ್ಮ ದೇಶದಲ್ಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಂಬರು ಯಾರದು? ನಂಬರುಗಳೆಲ್ಲ ಸರಕಾರದ ಸೊತ್ತು. ಸರಕಾರ ಕಂಪನಿಗಳಿಗೆ ಹಂಚುತ್ತದೆ, ಕಂಪನಿ ನಮಗೆ ಬಳಸಲು ಕೊಡುತ್ತದೆ. ಪಾಲಿಗೆ ಹಿಡಿದ ಹೊಲದ ಹಾಗೆ ಅದು. ಉಳುವ ತನಕ ನಿಮ್ಮದು. ಬಿಟ್ಟೆನೆಂದು ಬರೆದುಕೊಟ್ಟರೆ ಮತ್ತೆ ಸಿಗುವ ಭರವಸೆಯಿಲ್ಲ. ಬಂದ್ ಆದ ಮೊಬೈಲ್ ನಂಬರು 90 ದಿನ ಕಳೆದ ಮೇಲೆ ಬೇರೆಯವರ ಪಾಲಾಗಬಹುದು. ಅದೇ ನಂಬರಿಗೆ ನಿಮ್ಮ ಬ್ಯಾಂಕಿನ ಓ.ಟಿ.ಪಿ. ಬರುತ್ತಿದ್ದರೆ ಗತಿಯೇನು, ಯೋಚಿಸಿ.

ಆದ್ದರಿಂದ ಕ್ರಮ ಮುಖ್ಯ. ಮೊದಲು ನಂಬರು ಹೊಸ ಮನೆ ಸೇರಲಿ, ಆಮೇಲೆ ಹಳೆಯ ಮನೆಗೆ ಬೀಗ ಹಾಕಿ.

ಮನೆಯ ಫೋನಾದರೆ, ಫೈಬರ್ ನಿಮ್ಮ ಓಣಿಗೆ ಬಂದಿದೆಯೇ ಎಂದು ಮೊದಲು ಕೇಳಿ. ಅರ್ಜಿಯಲ್ಲಿ ‘ಲೈನು ಬಂದ್ ಮಾಡಿ’ ಎಂದು ಬರೆಯಬೇಡಿ. ‘ಇದೇ ನಂಬರು ಉಳಿಸಿ ಫೈಬರಿಗೆ ಬದಲಿಸಿ’ ಎಂದು ಬರೆಯಿರಿ. ಹೊಸ ಫೋನಿಗೆ ಹೊರಗಿನಿಂದ ಕರೆ ಮಾಡಿಸಿ, ರಿಂಗ್ ಕೇಳಿಸಿದ ಮೇಲೆ ಹಳೆಯ ಮೋಡೆಮ್ ಮರಳಿಸಿ ರಸೀದಿ ಪಡೆಯಿರಿ. ಇನ್ನೊಂದು ಮಾತು. ಹಿಂದೆ ಬ್ರಾಡ್‌ಬ್ಯಾಂಡ್ ಫೋನಿನ ಬೆನ್ನೇರಿ ಬಂದಿತ್ತು, ಈಗ ಫೋನು ಬ್ರಾಡ್‌ಬ್ಯಾಂಡಿನ ಬೆನ್ನೇರಿದೆ. ಬಿಲ್ಲು ಉಳಿಸಲೆಂದು ಆ ಬ್ರಾಡ್‌ಬ್ಯಾಂಡನ್ನು ಬಂದ್ ಮಾಡಿಸಿದರೆ ಫೋನೂ ಮೂಕವಾಗುತ್ತದೆ.

ಮೊಬೈಲಾದರೆ, ಸಿಮ್ ಜೀವಂತವಿರುವಾಗಲೇ ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಂಬರು ಬರೆದು 1900ಕ್ಕೆ ಕಳಿಸಿ. 8 ಅಕ್ಷರಗಳ ಸಂಕೇತ ಬರುತ್ತದೆ. ನಮ್ಮ ಕಡೆ ಅದರ ಆಯುಷ್ಯ 4 ದಿನ. ಹಳೆಯ ಬಾಕಿ ಇದ್ದರೆ ತೀರಿಸಿರಿ. ನಂಬರು ಹೋದ ಕೂಡಲೇ ಹಳೆಯ ಸಿಮ್ ತಾನಾಗಿಯೇ ನಿಲ್ಲುತ್ತದೆ, ನೀವು ನಿಲ್ಲಿಸಬೇಕಾಗಿಲ್ಲ. ಅಮೆರಿಕದಲ್ಲಿರುವ ನಿಮ್ಮ ಮಕ್ಕಳಿಗೂ ಅಲ್ಲಿಯ ಸರಕಾರಿ ಆಯೋಗ ಹೇಳುವುದು ಇದನ್ನೇ: ಹೊಸ ಸೇವೆ ಶುರುವಾಗುವ ಮೊದಲು ಹಳೆಯದನ್ನು ರದ್ದು ಮಾಡಬೇಡಿ.

ಕೊನೆಗೊಂದು ಎಚ್ಚರಿಕೆ. ತಾಮ್ರದ ಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ತಂತಿಯಲ್ಲಿಯೇ ಬರುತ್ತಿತ್ತು. ಲೋಡ್ ಶೆಡ್ಡಿಂಗ್ ಇದ್ದರೂ ಅದು ಮಾತಾಡುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ಮನೆಯ ಕರೆಂಟು ಹೋದರೆ ಫೋನೂ ಹೋಯಿತು. ಡಬ್ಬಿಗೊಂದು ಚಿಕ್ಕ ಬ್ಯಾಟರಿ ಇಟ್ಟುಕೊಳ್ಳಿ, ಒಂದು ಮೊಬೈಲನ್ನು ಚಾರ್ಜ್ ಮಾಡಿಡಿ. 1993ರ ಆ ನಸುಕನ್ನು ಕಂಡ ಸೀಮೆ ನಮ್ಮದು. ಸರಿಹೊತ್ತಿನಲ್ಲಿ ದೂರದ ಮಕ್ಕಳು ಕರೆದಾಗ ಈ ಕಡೆಯಿಂದ ಯಾರಾದರೂ ‘ಹಲೋ’ ಎನ್ನುವಂತಿರಬೇಕು.